ಕೋಲಾರ ಸೀಮೆಯಲ್ಲಿ ರಫ್ತಿನ ಗೂಡ್ಸ್ ರೈಲುಗಳ ಚಿತ್ರ ತೆಗೆಯುವ ಬಗೆ

ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೊದಲ್ಲಿ ಕಸ್ಟಮ್ಸ್ ತಪಾಸಣೆ ಮುಗಿಸಿ, ಬಾಗಿಲಿಗೆ ಮೊಹರು ಬಿದ್ದ ಕಂಟೇನರುಗಳನ್ನು ಹೇರಿಕೊಂಡು ಚೆನ್ನೈ ಕಡೆಯ ಬಂದರುಗಳಿಗೆ ಹೊರಡುವ ಗೂಡ್ಸ್ ರೈಲು, ಕರ್ನಾಟಕದ ಗಡಿ ದಾಟುವ ಮುನ್ನ ಹಾದುಹೋಗುವುದು ಕೋಲಾರ ಜಿಲ್ಲೆಯ ಮೂಲಕ. ಮಾಲೂರು, ಟೇಕಲ್, ಬಂಗಾರಪೇಟೆ, ಕಾಮಸಮುದ್ರ ಎಂಬ ನಿಲ್ದಾಣಗಳ ನಡುವಿನ ಈ ಜೋಡಿ ಹಳಿಯ ಮಾರ್ಗದಲ್ಲಿ ಬಂಡೆಗುಡ್ಡ, ನೀಲಗಿರಿ ತೋಪು, ರಾಗಿ ಹೊಲ, ಇಟ್ಟಿಗೆ ಗೂಡು ಎಲ್ಲವೂ ಹಳಿಗೆ ಹತ್ತಿರದಲ್ಲೇ ಸಿಗುತ್ತವೆ. ಬೆಂಗಳೂರಿನೊಳಗೆ ಇರುವಂತೆ ಕಾಂಪೌಂಡು ಗೋಡೆಗಳ, ಜಾಹೀರಾತು ಫಲಕಗಳ ಕಾಟವೂ ಕಡಿಮೆ. ಹಾಗಿದ್ದರೂ ಇಲ್ಲಿ ತೆಗೆದ ಬಹುಪಾಲು ಚಿತ್ರಗಳಲ್ಲಿ ಕಾಣುವುದು ಎಂಜಿನ್ನಿನ ಮುಖ ಮಾತ್ರ. ಆ ಎಂಜಿನ್ ಸಿಮೆಂಟು ಎಳೆಯುತ್ತಿದೆಯೋ, ಪೆಟ್ರೋಲು ಎಳೆಯುತ್ತಿದೆಯೋ, ಸಮುದ್ರ ದಾಟುವ ಸರಕನ್ನು ಎಳೆಯುತ್ತಿದೆಯೋ ತಿಳಿಯುವುದಿಲ್ಲ. ರಫ್ತಿನ ರೈಲನ್ನು ರಫ್ತಿನ ರೈಲಾಗಿಯೇ ತೋರಿಸಬೇಕಾದರೆ ಅದು ಹೋಗುತ್ತಿರುವ ದಿಕ್ಕು ಮತ್ತು ಅದರ ಬೆನ್ನ ಮೇಲಿರುವ ಕಂಟೇನರ್ ಡಬ್ಬಿಗಳು, ಇವೆರಡೂ ಚಿತ್ರದೊಳಗೆ ಬರಬೇಕು. ಈ ಬರಹದ ಉಳಿದ ಸೂಚನೆಗಳೆಲ್ಲ ಈ ಒಂದು ಗುರಿಗೆ ಹೊಂದಿಕೊಂಡಿವೆ.

ಗಾಡಿಯನ್ನು ಗುರುತಿಸುವುದು

ಮೊದಲು ವ್ಯಾಗನ್ನುಗಳನ್ನು ನೋಡಿ. ಇಡೀ ಗಾಡಿ ಉರುಳೆಯಾಕಾರದ ಟ್ಯಾಂಕುಗಳಿಂದ ಕೂಡಿದ್ದರೆ ಅದು ಇಂಧನದ್ದು. ದೇವನಗೊಂದಿಯ ತೈಲ ಘಟಕಗಳ ಕಾರಣದಿಂದ ಇಂಥವು ಈ ಭಾಗದಲ್ಲಿ ಅಪರೂಪವಲ್ಲ. ಮುಚ್ಚಿದ ಪೆಟ್ಟಿಗೆಯಂಥ ಬಿಸಿಎನ್ ವ್ಯಾಗನ್ನುಗಳಲ್ಲಿ ಧಾನ್ಯ, ಸಿಮೆಂಟು, ಗೊಬ್ಬರ ಹೋಗುತ್ತವೆ. ಮೇಲೆ ತೆರೆದಿರುವ ಬಾಕ್ಸ್‌ಎನ್ ವ್ಯಾಗನ್ನುಗಳಲ್ಲಿ ಕಲ್ಲಿದ್ದಲು, ಅದಿರು. ಕಂಟೇನರುಗಳು ಬರುವುದು ಬಿಎಲ್‌ಸಿ ಎಂಬ ತಗ್ಗು ತಳದ ವ್ಯಾಗನ್ನುಗಳ ಮೇಲೆ. ಎತ್ತರದ ಕಂಟೇನರನ್ನಿಟ್ಟರೂ ಮೇಲಿನ ವಿದ್ಯುತ್ ತಂತಿಗೆ ತಕ್ಕ ಅಂತರ ಉಳಿಯಲಿ ಎಂದು ಇದರ ತಳವನ್ನು ಹಳಿಯಿಂದ 1009 ಮಿಲಿಮೀಟರ್ ಎತ್ತರಕ್ಕೆ ಇಳಿಸಿ ರೂಪಿಸಿದ್ದಾರೆ. ಐದೈದು ವ್ಯಾಗನ್ನುಗಳ ಗುಂಪುಗಳಾಗಿ ಒಟ್ಟು 45 ವ್ಯಾಗನ್ನುಗಳು ಒಂದು ಪೂರ್ಣ ರೇಕ್ ಆಗುತ್ತವೆ, ಅಂದರೆ 20 ಅಡಿಯ 90 ಡಬ್ಬಿಗಳಿಗೆ ಜಾಗ. ಉದ್ದ ಆರುನೂರು ಮೀಟರಿಗೂ ಹೆಚ್ಚು. ಪಶ್ಚಿಮದ ಸರಕು ಕಾರಿಡಾರಿನಲ್ಲಿ ಒಂದರ ಮೇಲೊಂದು ಡಬ್ಬಿ ಪೇರಿಸಿಕೊಂಡು ಓಡುವ ರೈಲುಗಳ ಚಿತ್ರ ನೋಡಿ ಇಲ್ಲಿಯೂ ಅದನ್ನು ನಿರೀಕ್ಷಿಸಬೇಡಿ, ಅದಕ್ಕೆ ತಂತಿಯನ್ನೇ ಬಹಳ ಎತ್ತರಕ್ಕೆ ಕಟ್ಟಿರಬೇಕು.

ಡಬ್ಬಿಯ ಮೈಮೇಲಿನ ಅಕ್ಷರಗಳು ಮುಂದಿನ ಸುಳಿವು. ಸಮುದ್ರಯಾನದ ಪ್ರತಿಯೊಂದು ಕಂಟೇನರಿಗೂ ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ ಮತ್ತು ಸಂಖ್ಯೆ ಸರಿಯಿದೆಯೇ ಎಂದು ತಾಳೆ ನೋಡಲು ಚೌಕದೊಳಗೆ ಬರೆದ ಒಂದು ತಾಳೆ ಅಂಕಿ ಇರುತ್ತವೆ. ಮೊದಲ ಮೂರು ಅಕ್ಷರ ಮಾಲೀಕ ಸಂಸ್ಥೆಯನ್ನು ಹೇಳಿದರೆ ನಾಲ್ಕನೆಯದು ಯಾವಾಗಲೂ ‘ಯು’ ಎಂದೇ ಇರುತ್ತದೆ. ಅದರ ಕೆಳಗಿನ ಸಾಲು ಗಾತ್ರ ಮತ್ತು ಬಗೆಯದು: 22ಜಿ1 ಎಂದರೆ 20 ಅಡಿಯ ಸಾಧಾರಣ ಡಬ್ಬಿ, 45ಜಿ1 ಎಂದರೆ 40 ಅಡಿಯ ಎತ್ತರದ ಡಬ್ಬಿ, ‘ಜಿ’ ಇರುವಲ್ಲಿ ‘ಆರ್’ ಇದ್ದರೆ ಶೈತ್ಯ ಡಬ್ಬಿ. ಹಲವು ಹಡಗು ಕಂಪನಿಗಳ ಬಣ್ಣಗಳು ಒಂದೇ ರೇಕಿನಲ್ಲಿ ಬೆರೆತಿದ್ದರೆ, ಮರ್ಸ್ಕ್‌ನ ತಿಳಿಬೂದು, ಎವರ್‌ಗ್ರೀನ್‌ನ ಹಸಿರು, ಹಪಾಗ್-ಲಾಯ್ಡ್‌ನ ಕಿತ್ತಳೆ, ಓಷನ್ ನೆಟ್‌ವರ್ಕ್ ಎಕ್ಸ್‌ಪ್ರೆಸ್‌ನ ಕಡುಗುಲಾಬಿ ಹೀಗೆ, ಅದು ಬಂದರಿನ ವ್ಯವಹಾರದ ಗಾಡಿ ಎಂದು ಧೈರ್ಯವಾಗಿ ಹೇಳಬಹುದು. ಎಲ್ಲವೂ ಒಂದೇ ನಮೂನೆಯ ನೀಲಿ ಡಬ್ಬಿಗಳಾಗಿದ್ದರೆ ದೇಶದೊಳಗಿನ ಸಾಗಣೆಯೇ ಆಗಿರುವ ಸಾಧ್ಯತೆ ಹೆಚ್ಚು.

ಆದರೆ ಯಾವ ಡಬ್ಬಿಯೂ ತನ್ನೊಳಗೇನಿದೆ ಎಂದು ಹೇಳುವುದಿಲ್ಲ. ನಮ್ಮ ರಾಜ್ಯದಿಂದ ಕಾಫಿ, ಸಿದ್ಧ ಉಡುಪು, ಗ್ರಾನೈಟು, ಯಂತ್ರದ ಬಿಡಿಭಾಗ, ಉಪ್ಪುನೀರಿನಲ್ಲಿಟ್ಟ ಮಿಡಿಸೌತೆ ಮುಂತಾದವು ಹಡಗಿನಲ್ಲಿ ಹೋಗುತ್ತವೆ ಎಂಬುದು ನಿಜ. ಹಾಗೆಂದು ಮಾಲೂರಿನ ಬಳಿ ತೆಗೆದ ಚಿತ್ರಕ್ಕೆ ‘ಕೋಲಾರದ ಕಾರ್ಖಾನೆಗಳ ಸರಕು ವಿದೇಶಕ್ಕೆ’ ಎಂದು ಅಡಿಬರಹ ಕೊಡುವುದು ಕಣ್ಣಿಗೆ ಕಾಣದ್ದನ್ನು ಕಂಡೆನೆಂದು ಹೇಳಿದಂತೆ. ನರಸಾಪುರ, ವೇಮಗಲ್ ಕಡೆಯ ಕೈಗಾರಿಕಾ ಪ್ರದೇಶಗಳಿಂದ ಸಾಕಷ್ಟು ಸರಕು ಲಾರಿಯಲ್ಲೇ ಹೊರಡುತ್ತದೆ. ಮೊಬೈಲ್ ಫೋನಿನಂಥ ಹಗುರವಾದ, ದುಬಾರಿ ವಸ್ತುಗಳು ಹೆಚ್ಚಾಗಿ ವಿಮಾನ ಹತ್ತುತ್ತವೆ. ಡಬ್ಬಿ ತುಂಬಿದೆಯೋ ಖಾಲಿಯೋ ಎಂಬುದನ್ನು ಮಾತ್ರ ಒಂದಿಷ್ಟು ಊಹಿಸಬಹುದು: ಭಾರ ಬಿದ್ದ ವ್ಯಾಗನ್ನಿನ ಬೋಗಿಯ, ಅಂದರೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿನ, ಸ್ಪ್ರಿಂಗುಗಳು ಒತ್ತಿಕೊಂಡಿರುತ್ತವೆ, ಖಾಲಿ ಗಾಡಿಯಾದರೆ ಸುರುಳಿಗಳ ನಡುವೆ ಸಂದು ಕಾಣುತ್ತದೆ, ಸದ್ದೂ ಹೆಚ್ಚು ಟೊಳ್ಳಾಗಿರುತ್ತದೆ.

ಎಂಜಿನ್ನುಗಳ ವಿಷಯ ಇಷ್ಟು ತೊಡಕಿನದಲ್ಲ. ಈ ಮಾರ್ಗ 25,000 ವೋಲ್ಟಿನ ವಿದ್ಯುತ್ ಮಾರ್ಗ. ಇಲ್ಲಿ ಗೂಡ್ಸ್ ಎಳೆಯಲು ಮುಖ್ಯವಾಗಿ ಕಾಣಸಿಗುವುವು 6120 ಅಶ್ವಶಕ್ತಿಯ ಡಬ್ಲ್ಯೂಎಜಿ-9 ಮತ್ತು 5000 ಅಶ್ವಶಕ್ತಿಯ ಡಬ್ಲ್ಯೂಎಜಿ-7. ಹೆಸರಿನ ಮೊದಲಕ್ಷರ ಬ್ರಾಡ್ ಗೇಜನ್ನೂ, ಎರಡನೆಯದು ಎಸಿ ವಿದ್ಯುತ್ತನ್ನೂ, ಮೂರನೆಯದು ಗೂಡ್ಸನ್ನೂ ಸೂಚಿಸುತ್ತದೆ. ಎಂಜಿನ್ ಸಂಖ್ಯೆ 31, 32, 33 ಅಥವಾ 41ರಿಂದ ಶುರುವಾದರೆ ಅದು 9ರ ವರ್ಗ. 27 ಅಥವಾ 28 ಎಂದಿದ್ದರೆ 7ರ ವರ್ಗ. 12ರಿಂದ ಶುರುವಾಗುವ ಸಂಖ್ಯೆಯ ಡಬ್ಲ್ಯೂಡಿಜಿ-4 ಡೀಸೆಲ್ ಎಂಜಿನ್ನುಗಳ ಹಳೆಯ ಮನೆ ಹುಬ್ಬಳ್ಳಿ. ತಂತಿಯ ಕೆಳಗೂ ಅವು ಓಡುವುದುಂಟು, ಕಂಡಾಗ ಬಿಡಬೇಡಿ.

ದಿಕ್ಕು ಮತ್ತು ಬಿಸಿಲು

ಮಾಲೂರಿನಿಂದ ಬಂಗಾರಪೇಟೆಯವರೆಗೆ ಹಳಿ ಹೆಚ್ಚುಕಡಿಮೆ ಪಶ್ಚಿಮದಿಂದ ಪೂರ್ವಕ್ಕೆ ಹಾಸಿದೆ. ಛಾಯಾಗ್ರಾಹಕನಿಗೆ ಇದಕ್ಕಿಂತ ಉಪಯುಕ್ತವಾದ ಭೂಗೋಳದ ಪಾಠ ಇನ್ನೊಂದಿಲ್ಲ. ರಫ್ತಿನ ಗಾಡಿ ಹೋಗುವುದು ಪೂರ್ವಕ್ಕೆ, ಆದ್ದರಿಂದ ಅದರ ಮುಖಕ್ಕೆ ಬಿಸಿಲು ಬೀಳುವುದು ಬೆಳಿಗ್ಗೆ. ಅದೇ ಗಾಡಿಯನ್ನು ಸಂಜೆ ಎದುರಿನಿಂದ ತೆಗೆದರೆ ಮುಖ ಕಪ್ಪಾಗಿ, ಹಿಂದಿನ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಬೆಂಗಳೂರಿನತ್ತ ಏರಿ ಬರುವ ಗಾಡಿಗಳಿಗೆ, ಅಂದರೆ ಆಮದಿನ ಸರಕು ಮತ್ತು ಮರಳುವ ಖಾಲಿ ಡಬ್ಬಿಗಳ ರೇಕುಗಳಿಗೆ, ಈ ಲೆಕ್ಕ ತಿರುಗುಮುರುಗು. ರಫ್ತಿನ ಚಿತ್ರ ಬೇಕೆನ್ನುವವರು ನಸುಕಿನಲ್ಲಿ ಏಳುವ ಕಷ್ಟವನ್ನು ಹೀಗಾಗಿ ತಪ್ಪಿಸಿಕೊಳ್ಳಲಾರರು.

ಹಳಿಯ ಯಾವ ಬದಿಯಲ್ಲಿ ನಿಲ್ಲಬೇಕು ಎಂಬುದು ತಿಂಗಳನ್ನು ಅವಲಂಬಿಸಿದೆ. ಕೋಲಾರ ಸೀಮೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಸೂರ್ಯ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ನಡುವಿನ ಹೊತ್ತಿಗೆ, ಮಧ್ಯಾಹ್ನ ನೆತ್ತಿಯ ಮೇಲೆ ಬಂದು ನಿಲ್ಲುತ್ತಾನೆ. ಇವೆರಡರ ನಡುವಿನ ತಿಂಗಳುಗಳಲ್ಲಿ ಮಧ್ಯಾಹ್ನದ ಸೂರ್ಯ ಇರುವುದು ಉತ್ತರದಲ್ಲಿ. ಡಿಸೆಂಬರಿನಲ್ಲಿ ಆತ ಆಗ್ನೇಯಕ್ಕೆ ಸರಿದು ಹುಟ್ಟಿ ದಕ್ಷಿಣದಲ್ಲೇ ಸಾಗುವುದರಿಂದ, ಬೆಳಿಗ್ಗೆ ಎಂಟು ಎಂಟೂವರೆಯ ಹೊತ್ತಿಗೆ ಹಳಿಯ ದಕ್ಷಿಣಕ್ಕೆ ನಿಂತವನಿಗೆ ಎಂಜಿನ್ನಿನ ಮುಖ, ಡಬ್ಬಿಗಳ ಪಕ್ಕೆ ಎರಡೂ ಬೆಳಕಿನಲ್ಲಿ ಸಿಗುತ್ತವೆ. ಜೂನಿನಲ್ಲಿ ಈಶಾನ್ಯದ ಸೂರ್ಯನಿಗಾಗಿ ಉತ್ತರದ ಬದಿಗೆ ಹೋಗಬೇಕು. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಬೆಳಗಿನ ಬೆಳಕು ನೇರವಾಗಿ ಹಳಿಯ ಗುಂಟ ಬರುತ್ತದೆ: ಮುಖ ಹೊಳೆಯುತ್ತದೆ, ಪಕ್ಕೆ ಮಂಕಾಗಿರುತ್ತದೆ. ಆಗ ಟೇಕಲ್ ಕಡೆ ಬಂಡೆಗಳನ್ನು ಬಳಸಿಕೊಂಡು ಹಳಿ ತಿರುಗುವ ಜಾಗಗಳನ್ನು ಹುಡುಕುವುದು ಲೇಸು. ತಿರುವಿನಲ್ಲಿ ಈ ಲೆಕ್ಕವೆಲ್ಲ ಬದಲಾಗುವುದರಿಂದ ಫೋನಿನ ದಿಕ್ಸೂಚಿ ನೋಡಿಕೊಂಡೇ ನಿಲ್ಲಬೇಕು.

ಇದಕ್ಕೆ ಇನ್ನೊಂದು ಸಂಗತಿಯನ್ನು ಸೇರಿಸಿಕೊಳ್ಳಬೇಕು. ನಮ್ಮ ಜೋಡಿ ಹಳಿಗಳಲ್ಲಿ ಗಾಡಿಗಳು ಸಾಮಾನ್ಯವಾಗಿ ಎಡಗಡೆಯ ಹಳಿಯಲ್ಲಿ ಓಡುತ್ತವೆ. ಪೂರ್ವಕ್ಕೆ ಹೋಗುವ ಗಾಡಿಗೆ ಎಡಗಡೆ ಎಂದರೆ ಉತ್ತರ. ಚಳಿಗಾಲದಲ್ಲಿ ದಕ್ಷಿಣಕ್ಕೆ ನಿಂತಾಗ ರಫ್ತಿನ ಗಾಡಿ ಆಚೆಯ ಹಳಿಯಲ್ಲಿ ಬರುತ್ತದೆ, ಈಚೆಯ ಹಳಿ ಖಾಲಿಯಿದ್ದರೆ ಚಕ್ರದಿಂದ ಡಬ್ಬಿಯ ತುದಿಯವರೆಗೆ ಅಡ್ಡಿಯಿಲ್ಲದ ನೋಟ ಸಿಗುತ್ತದೆ. ತೊಂದರೆಯೆಂದರೆ ಅದೇ ಹೊತ್ತಿಗೆ ಕೆಜಿಎಫ್, ಬಂಗಾರಪೇಟೆ, ಮಾಲೂರುಗಳಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ರೈಲುಗಳು ಈಚೆಯ ಹಳಿಯಲ್ಲಿ ಸಾಲಾಗಿ ಬರುತ್ತಿರುತ್ತವೆ. ಗಂಟೆಗಟ್ಟಲೆ ಕಾದ ಕಂಟೇನರ್ ರೇಕು ಬಂದ ಕ್ಷಣದಲ್ಲೇ ಕಿಕ್ಕಿರಿದ ಪ್ಯಾಸೆಂಜರ್ ಗಾಡಿ ಅಡ್ಡ ಬರುವುದು ಈ ಮಾರ್ಗದ ವಾಡಿಕೆ. ಪೇಟೆಗೆ ಹೋಗುವ ಜನರೂ ಬಂದರಿಗೆ ಹೋಗುವ ಸರಕೂ ಒಬ್ಬರನ್ನೊಬ್ಬರು ದಾಟುವ ಆ ಕ್ಷಣವನ್ನು ಹಾಳಾದ ಚಿತ್ರವೆಂದು ಅಳಿಸಿಹಾಕದಿರಿ. ಕೋಲಾರ ಜಿಲ್ಲೆಯ ಬದುಕನ್ನು ಅದು ಎಂಜಿನ್ನಿನ ಮುಖಕ್ಕಿಂತ ಚೆನ್ನಾಗಿ ತೋರಿಸುತ್ತದೆ.

ಪೂರ್ವಕ್ಕೆ ಹೋಗುವುದೆಂದರೆ ಇಳಿಯುವುದು ಕೂಡ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಇದೇ ಮಾರ್ಗದಲ್ಲಿ ಮುಂದೆ ಸಿಗುವ ತಮಿಳುನಾಡಿನ ಜೋಲಾರಪೇಟೆ ಸುಮಾರು 400 ಮೀಟರಿನಲ್ಲಿದೆ. ನಡುವೆ ಅಲ್ಲಲ್ಲಿ ಏರುತಗ್ಗುಗಳಿದ್ದರೂ ಒಟ್ಟಿನಲ್ಲಿ ರಫ್ತಿನ ಗಾಡಿ ಇಳಿಜಾರಿನಲ್ಲಿ ಸಾಗುತ್ತದೆ, ಡಬ್ಲ್ಯೂಎಜಿ-9 ಎಂಜಿನ್ ಬ್ರೇಕು ಹಾಕುವಾಗ ಹುಟ್ಟುವ ವಿದ್ಯುತ್ತನ್ನು ತಂತಿಗೆ ಮರಳಿಸುತ್ತದೆ. ದುಡಿಯುವ ಎಂಜಿನ್ನಿನ ಗುಡುಗು ಕೇಳಬೇಕಾದರೆ ಬೆಂಗಳೂರಿಗೆ ಏರುವ ಗಾಡಿಯ ಬಳಿಯೇ ನಿಲ್ಲಬೇಕು. ಇಳಿಯುವ ಗಾಡಿ ಬಹಳ ಹತ್ತಿರ ಬರುವವರೆಗೂ ಸದ್ದು ಮಾಡದೆ ಇರಬಲ್ಲದು, ಆದ್ದರಿಂದ ಕಿವಿಯನ್ನು ನಂಬಿ ಹಳಿಯ ಹತ್ತಿರ ಸುಳಿಯಬಾರದು.

ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದದ್ದು 1864ರಲ್ಲಿ, ಬಂಗಾರಪೇಟೆಯಿಂದ ಕೆಜಿಎಫ್‌ಗೆ ಕವಲು ಮಾರ್ಗ ಬಂದದ್ದು 1894ರಲ್ಲಿ. ಗಣಿಯ ಚಿನ್ನ ಇಂಗ್ಲೆಂಡಿಗೆ ಸಾಗುತ್ತಿದ್ದ ಕಾಲದಿಂದ ಲೆಕ್ಕ ಹಾಕಿದರೆ ರಫ್ತು ಎಂಬುದು ಈ ಸೀಮೆಗೆ ಕಂಟೇನರುಗಳಿಗಿಂತ ಎಷ್ಟೋ ಹಳೆಯದು.

ನಿಲ್ಲುವ ಜಾಗ

ರೈಲ್ವೆ ಗಡಿಯೊಳಗೆ ಅನುಮತಿಯಿಲ್ಲದೆ ಕಾಲಿಡುವುದು 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ಯಾರಿಗೂ ತೊಂದರೆಯಾಗದಿದ್ದರೂ ಅದು ಅಪರಾಧವೇ, ಕ್ಯಾಮೆರಾ ಕೈಯಲ್ಲಿದ್ದರೆ ವಿನಾಯಿತಿಯೇನೂ ಇಲ್ಲ. ನಿಲ್ದಾಣ, ಗೂಡ್ಸ್ ಯಾರ್ಡ್, ಎಂಜಿನ್ ಷೆಡ್ಡು, ಕಂಟೇನರ್ ಡಿಪೊಗಳ ಒಳಗೆ ಚಿತ್ರ ತೆಗೆಯಬೇಕೆನ್ನುವವರು ನೈರುತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ, ಡಿಪೊ ಆದರೆ ಅದನ್ನು ನಡೆಸುವ ಸಂಸ್ಥೆಗೆ, ಮೊದಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ಹವ್ಯಾಸಿಗಳಿಗೆ ಅದರ ಅಗತ್ಯವೇ ಇಲ್ಲವೆಂದು ನನ್ನ ಅಭಿಪ್ರಾಯ. ಒಳ್ಳೆಯ ಚಿತ್ರಗಳೆಲ್ಲ ಹೊರಗೇ ಇವೆ: ಸಾರ್ವಜನಿಕ ರಸ್ತೆಯ ಮೇಲ್ಸೇತುವೆ, ಲೆವೆಲ್ ಕ್ರಾಸಿಂಗ್ ಗೇಟಿನ ಹೊರಬದಿ, ಹಳಿಗೆ ಸಮಾನಾಂತರವಾಗಿ ಸಾಗುವ ಹಳ್ಳಿಯ ದಾರಿ, ಒಡೆಯರ ಒಪ್ಪಿಗೆ ಪಡೆದು ನಿಂತ ಹೊಲದ ಬದು.

ಗುಡ್ಡ ಮತ್ತು ಬದುಗಳನ್ನು ನಾನು ಮೇಲ್ಸೇತುವೆಗಿಂತ ಮೇಲೆಂದು ಎಣಿಸುತ್ತೇನೆ. ಮೇಲ್ಸೇತುವೆಯಿಂದ ತೆಗೆದ ಚಿತ್ರದಲ್ಲಿ ತಂತಿಗಳ ಜಾಲವೇ ಮೇಲುಗೈ ಪಡೆಯುತ್ತದೆ, ಡಬ್ಬಿಗಳ ಬೆನ್ನು ಕಾಣುತ್ತದೆಯೇ ಹೊರತು ಅವುಗಳ ಮೇಲಿನ ಹೆಸರು ಕಾಣುವುದಿಲ್ಲ. ಹಳಿಯಿಂದ ನೂರು ನೂರೈವತ್ತು ಮೀಟರ್ ದೂರದ ಒಂದು ಹಾಸುಬಂಡೆಯ ಮೇಲೆ ನಿಂತರೆ ತಂತಿಕಂಬಗಳು ತೆಳುವಾಗುತ್ತವೆ, ಗಾಡಿಯ ಅರ್ಧ ಉದ್ದವಾದರೂ ಒಂದೇ ಚೌಕಟ್ಟಿನಲ್ಲಿ ಹಿಡಿಸುತ್ತದೆ. ನಲವತ್ತೈದು ವ್ಯಾಗನ್ನುಗಳ ಮೇಲಿನ ಬಣ್ಣದ ಡಬ್ಬಿಗಳು ಕೆಂಪು ಮಣ್ಣಿನ ಹೊಲವನ್ನು ಹಾದು ಹೋಗುವ ನೋಟ ಸಿಕ್ಕುವುದು ಅಲ್ಲಿಂದಲೇ. ಮಾಲೂರಿನ ಹೆಂಚು ಇಟ್ಟಿಗೆಗಳ ಗೂಡುಗಳ ಚಿಮಣಿ, ಡಿಸೆಂಬರಿನ ರಾಗಿ ಮೆದೆ, ಹೂಬಿಟ್ಟ ಮಾವಿನ ತೋಪು, ಇವುಗಳಲ್ಲಿ ಯಾವುದಾದರೊಂದು ಚಿತ್ರದಲ್ಲಿದ್ದರೆ ನೋಡುಗನಿಗೆ ಇದು ಯಾವ ಸೀಮೆ ಎಂದು ಹೇಳಬೇಕಾಗಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಸಂಸ್ಕರಿಸಿದ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದ ಮೇಲೆ, ಮಳೆ ಕಡಿಮೆಯಾದ ವರ್ಷಗಳಲ್ಲೂ ನೀರಿನಲ್ಲಿ ಪ್ರತಿಬಿಂಬ ಹುಡುಕುವುದು ಮೊದಲಿನಷ್ಟು ದುರ್ಲಭವಲ್ಲ.

ಮೇಲ್ಸೇತುವೆಯನ್ನೇ ಆರಿಸಿಕೊಳ್ಳುವವರು 25,000 ವೋಲ್ಟಿನ ತಂತಿ ತಮ್ಮ ಕಾಲಕೆಳಗೇ ಇದೆ ಎಂಬುದನ್ನು ಮರೆಯಬಾರದು. ಈ ಒತ್ತಡದ ವಿದ್ಯುತ್ತು ಮುಟ್ಟದೆಯೂ ಹಾರಿ ಹೊಡೆಯಬಲ್ಲದು. ಎರಡು ಮೀಟರಿನೊಳಗೆ ದೇಹವಾಗಲಿ ಉಪಕರಣವಾಗಲಿ ಹೋಗಕೂಡದು ಎಂಬುದು ರೈಲ್ವೆಯ ನಿಯಮ. ಸೇತುವೆಯ ಜಾಲರಿಯಿಂದ ಆಚೆಗೆ ಸೆಲ್ಫಿ ಕೋಲು, ಟ್ರೈಪಾಡು, ಕೊಡೆ ಯಾವುದನ್ನೂ ಚಾಚಬೇಡಿ. ಹಳಿಯ ಮೇಲೆ ಡ್ರೋನ್ ಹಾರಿಸುವ ಆಲೋಚನೆಯನ್ನಂತೂ ಕೈಬಿಡಿ.

ಗೂಡ್ಸ್ ಗಾಡಿಗೆ ಸಾರ್ವಜನಿಕ ವೇಳಾಪಟ್ಟಿಯಿಲ್ಲ. ರೈಲುಗಳು ಎಲ್ಲಿವೆ ಎಂದು ತಿಳಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್ ತೋರಿಸುವುದು ಪ್ರಯಾಣಿಕರ ರೈಲುಗಳನ್ನು ಮಾತ್ರ, ಆದರೆ ಅದನ್ನೇ ತಿರುಗಿಸಿ ಓದಬಹುದು. ಶತಾಬ್ದಿ, ವಂದೇ ಭಾರತ್, ಬೃಂದಾವನ, ಲಾಲ್‌ಬಾಗ್ ಮುಂತಾದ ವೇಗದ ಗಾಡಿಗಳಿಗೆ ದಾರಿ ಬಿಡಲು ಗೂಡ್ಸನ್ನು ಯಾವುದಾದರೂ ನಿಲ್ದಾಣದ ಪಕ್ಕದ ಲೂಪ್ ಹಳಿಗೆ ಸರಿಸಿರುತ್ತಾರೆ, ಅವು ದಾಟಿದ ಮೇಲಿನ ಬಿಡುವಿನಲ್ಲಿ ಅದು ಹೊರಡುತ್ತದೆ. ಆದ್ದರಿಂದ ಪೂರ್ವಕ್ಕೆ ಹೋಗುವ ಎಕ್ಸ್‌ಪ್ರೆಸ್ಸುಗಳ ನಡುವೆ ದೊಡ್ಡ ಅಂತರವಿರುವ ಹೊತ್ತನ್ನು ಗುರುತಿಸಿಕೊಂಡು ಕಾಯುವುದು ಒಳಿತು. ಆಪ್ ತೋರಿಸದ ಗಾಡಿಗಾಗಿ ಗೇಟು ಮುಚ್ಚಿದರೆ ಲೆನ್ಸಿನ ಮುಚ್ಚಳ ತೆಗೆಯುವ ಹೊತ್ತಾಯಿತು ಎಂದರ್ಥ.

ಕ್ಯಾಮೆರಾದ ಲೆಕ್ಕ

ಗಂಟೆಗೆ 72 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ 20 ಮೀಟರ್ ಸಾಗುತ್ತದೆ. ಡಬ್ಲ್ಯೂಎಜಿ-9 ಎಂಜಿನ್ನಿನ ಉದ್ದ ಸುಮಾರು 20.5 ಮೀಟರ್, ಅಂದರೆ ಅದು ನಿಮ್ಮೆದುರಿನ ಕಂಬವನ್ನು ದಾಟಲು ತೆಗೆದುಕೊಳ್ಳುವುದು ಒಂದೇ ಸೆಕೆಂಡು. ಪೂರ್ಣ ರೇಕ್ ದಾಟಲು ಅರ್ಧ ನಿಮಿಷ ಬೇಕು. ಎಂಜಿನ್ ದಾಟಿದ ಕೂಡಲೇ ಕ್ಯಾಮೆರಾ ಇಳಿಸುವವರು ಕಳೆದುಕೊಳ್ಳುವುದು ಈ ಅರ್ಧ ನಿಮಿಷವನ್ನು. ಷಟರ್ ವೇಗ 1/1000 ಸೆಕೆಂಡು ಇಟ್ಟರೂ ಅಷ್ಟು ಹೊತ್ತಿನಲ್ಲಿ ಗಾಡಿ ಎರಡು ಸೆಂಟಿಮೀಟರ್ ಸರಿದಿರುತ್ತದೆ. ಗಾಡಿ ಎದುರಿನಿಂದ ಓರೆಯಾಗಿ ಬರುತ್ತಿದ್ದರೆ 1/800 ಸಾಕಾಗುತ್ತದೆ, ಅಡ್ಡಲಾಗಿ ಹತ್ತಿರದಿಂದ ಹೋಗುತ್ತಿದ್ದರೆ ಮತ್ತು ಡಬ್ಬಿಯ ಮೇಲಿನ ಅಕ್ಷರಗಳು ಓದುವಂತಿರಬೇಕಿದ್ದರೆ 1/1600ರವರೆಗೆ ಹೋಗಬೇಕು. ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/5.6ರಿಂದ ಎಫ್/8ರ ನಡುವೆ ಇರಲಿ, ಬೆಳಕಿನ ಕೊರತೆಯನ್ನು ಐಎಸ್‌ಒ ತುಂಬಿಕೊಡಲಿ.

ಎಕ್ಸ್‌ಪೋಷರನ್ನು ಕ್ಯಾಮೆರಾದ ನಿರ್ಧಾರಕ್ಕೆ ಬಿಡುವುದು ಅಪಾಯಕರ. ಎಂಜಿನ್ನಿನ ಹೆಡ್‌ಲೈಟು ಚೌಕಟ್ಟಿನೊಳಗೆ ಬಂದೊಡನೆ ಮೀಟರ್ ಬೆದರಿ ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ, ತಿಳಿಬೂದು ಡಬ್ಬಿಯ ಹಿಂದೆ ಕಡುನೀಲಿ ಡಬ್ಬಿ ಬಂದರೆ ಮತ್ತೆ ತನ್ನ ಲೆಕ್ಕ ಬದಲಿಸುತ್ತದೆ. ಗಾಡಿ ಬರುವ ಮೊದಲೇ ಬಿಸಿಲಿನಲ್ಲಿರುವ ಜಲ್ಲಿಕಲ್ಲಿನ ಮೇಲೆ ಅಳತೆ ತೆಗೆದುಕೊಂಡು ಮ್ಯಾನುವಲ್‌ನಲ್ಲಿ ನಿಲ್ಲಿಸಿಬಿಡಿ. ಫೋಕಸನ್ನೂ ಎಂಜಿನ್ ಬರಬೇಕಾದ ಜಾಗದ ತಂತಿಕಂಬದ ಮೇಲೆ ಮೊದಲೇ ಕಟ್ಟಿಡಬಹುದು. ಫೋನಿನಲ್ಲಾದರೆ ಪರದೆಯನ್ನು ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ಬಿಗಿಯಾಗುತ್ತವೆ. ಡಿಜಿಟಲ್ ಜೂಮ್ ಬಳಸುವುದಕ್ಕಿಂತ ಜಾಗ ಬದಲಿಸುವುದು ಮೇಲು.

ಮಾರ್ಚಿನಿಂದ ಮೇ ತಿಂಗಳವರೆಗೆ ಬೆಳಿಗ್ಗೆ ಹತ್ತರ ನಂತರ ಉದ್ದದ ಟೆಲಿ ಲೆನ್ಸಿನಲ್ಲಿ ಹಳಿಯ ಗುಂಟ ದೂರಕ್ಕೆ ನೋಡಿದರೆ ಕಾದ ಜಲ್ಲಿಯಿಂದೇಳುವ ಬಿಸಿಗಾಳಿ ಎಂಜಿನ್ನಿನ ಗೆರೆಗಳನ್ನೆಲ್ಲ ನಡುಗಿಸುತ್ತದೆ. ಯಾವ ಲೆನ್ಸಿನಿಂದಲೂ, ಯಾವ ತಂತ್ರಾಂಶದಿಂದಲೂ ಇದು ಸರಿಹೋಗದು. ಆಗ ಗಾಡಿಯನ್ನು ಹತ್ತಿರಕ್ಕೆ ಬರಗೊಟ್ಟು 50 ಅಥವಾ 85 ಮಿಲಿಮೀಟರಿನಲ್ಲಿ ತೆಗೆಯಬೇಕು. ಮೋಡ ಕವಿದ ದಿನ ಪ್ಯಾನಿಂಗ್‌ಗೆ ಹೇಳಿ ಮಾಡಿಸಿದ್ದು: ಷಟರನ್ನು 1/60ಕ್ಕೋ 1/30ಕ್ಕೋ ಇಳಿಸಿ, ಒಂದೇ ಡಬ್ಬಿಯ ಮೂಲೆಯನ್ನು ಕಣ್ಣಿನಲ್ಲಿ ಹಿಡಿದು ಸೊಂಟದಿಂದ ಮೈ ತಿರುಗಿಸುತ್ತ ಹೋದರೆ ಹಿನ್ನೆಲೆಯ ನೀಲಗಿರಿ ಮರಗಳು ಗೆರೆಗಳಾಗಿ ಕರಗುತ್ತವೆ. ಲೋಕೋ ಪೈಲಟ್ಟಿನ ಕಡೆ ಫ್ಲಾಷ್ ಹೊಡೆಯುವುದು, ಹಗಲಾಗಲಿ ಇರುಳಾಗಲಿ, ಸಲ್ಲದು.

ಕೊನೆಯ ಬ್ರೇಕ್ ವ್ಯಾನಿನವರೆಗೂ ತೆಗೆಯಿರಿ. 2022ರಿಂದ ಟ್ರೈನ್ ಮ್ಯಾನೇಜರ್ ಎಂಬ ಹೆಸರು ಪಡೆದಿರುವ ಗಾರ್ಡ್ ಅಲ್ಲಿರುತ್ತಾರೆ, ಅದರ ಹಿಂದೆ ಕೊನೆಯ ವಾಹನ ಎಂದು ಸೂಚಿಸುವ ‘ಎಲ್‌ವಿ’ ಎಂಬ ಫಲಕ ತೂಗುತ್ತಿರುತ್ತದೆ. ರಫ್ತಿನ ಗಾಡಿ ಪೂರ್ವದ ಕಡೆಗೆ ದೂರವಾಗುವುದನ್ನು ಹಿಂದಿನಿಂದ ತೆಗೆದ ಚಿತ್ರಕ್ಕೆ ಸಂಜೆಯ ಬೆಳಕು ಅನುಕೂಲ; ಬೆಳಿಗ್ಗೆ ಎದುರಿನಿಂದ, ಸಂಜೆ ಬೆನ್ನಿನಿಂದ ಎಂದು ಹಂಚಿಕೊಂಡರೆ ಒಂದೇ ದಿಕ್ಕಿನ ಗಾಡಿಗಳಿಗೆ ದಿನದ ಎರಡು ಹೊತ್ತುಗಳೂ ಒದಗುತ್ತವೆ.

ಬರೆದಿಡುವುದು, ಹಂಚುವುದು

ಪ್ರತಿ ಚಿತ್ರಕ್ಕೂ ದಿನಾಂಕ, ಸಮಯ, ಜಾಗ, ದಿಕ್ಕು, ಎಂಜಿನ್ ಸಂಖ್ಯೆ ಮತ್ತು ಎಂಜಿನ್ನಿನ ಪಕ್ಕೆಯಲ್ಲಿ ಬರೆದ ಷೆಡ್ಡಿನ ಹೆಸರನ್ನು ಅಂದೇ ಗುರುತು ಮಾಡಿಕೊಳ್ಳಿ. ಕೆಜೆಎಂ ಎಂದರೆ ಕೃಷ್ಣರಾಜಪುರ, ಇಡಿ ಎಂದರೆ ಈರೋಡು, ಎಜೆಜೆ ಎಂದರೆ ಅರಕ್ಕೋಣಂ. ವ್ಯಾಗನ್ನಿನ ಮೇಲಿನ ಹನ್ನೊಂದು ಅಂಕಿಗಳ ಸಂಖ್ಯೆಯೂ ಬಹಳಷ್ಟನ್ನು ಹೇಳುತ್ತದೆ: ಮೊದಲ ಎರಡು ವ್ಯಾಗನ್ನಿನ ಬಗೆ, ಮುಂದಿನ ಎರಡು ಅದರ ಒಡೆತನ, ಐದು ಮತ್ತು ಆರನೆಯವು ತಯಾರಾದ ವರ್ಷ, ಕೊನೆಯದು ತಾಳೆ ಅಂಕಿ.

ಚಿತ್ರವನ್ನು ಆನ್‌ಲೈನಿಗೆ ಏರಿಸುವಾಗ ಗಾಡಿ ಇನ್ನೂ ದಾರಿಯಲ್ಲಿರುವಾಗಲೇ ಜಾಗ, ಸಮಯಗಳೊಂದಿಗೆ ಹಾಕುವ ಆತುರ ಬೇಡ. ಒಳಗಿರುವುದು ಯಾರದೋ ಮೊಹರು ಮಾಡಿದ ಸರಕು. ಡಬ್ಬಿಯ ಬಾಗಿಲಿನ ಮೊಹರಿನ ಸಂಖ್ಯೆ ಓದುವಷ್ಟು ಸ್ಪಷ್ಟವಾಗಿ ಬಂದಿದ್ದರೆ ಅದನ್ನು ಮಸುಕುಗೊಳಿಸಿ, ಗೇಟಿನ ಸಿಬ್ಬಂದಿಯ ಮುಖ ಬಂದಿದ್ದರೆ ಅವರನ್ನು ಕೇಳಿಯೇ ಪ್ರಕಟಿಸಿ. ಅಡಿಬರಹದಲ್ಲಿ ‘ರಫ್ತು’ ಎಂಬ ಪದವನ್ನು ಬಳಸುವುದು ಗಾಡಿ ಪೂರ್ವಕ್ಕೆ ಹೋಗುತ್ತಿದ್ದು, ಹಡಗು ಕಂಪನಿಗಳ ಡಬ್ಬಿಗಳಿದ್ದು, ವ್ಯಾಗನ್ನುಗಳ ಮೇಲೆ ಭಾರ ಬಿದ್ದಿರುವುದು ಚಿತ್ರದಲ್ಲೇ ಕಾಣುವಾಗ ಮಾತ್ರ. ಉಳಿದ ಸಂದರ್ಭಗಳಲ್ಲಿ ‘ಚೆನ್ನೈ ಕಡೆಗೆ ಕಂಟೇನರ್ ರೈಲು’ ಎಂದು ಬರೆದರೆ ಸಾಕು.